ಮಗಳು ಎಂಜಿನಿಯರಿಂಗ್ ಸೊರಾರಿಟಿ ಸೇರ್ತೀನಿ ಅಂತಿದಾಳೆ, ಅನುಭವ ಇರೋರು ದಯವಿಟ್ಟು ಹೇಳಿ

ಕೇಳಿದವರು: ಶಿವಮೊಗ್ಗದ ಒಬ್ಬ ತಾಯಿ

ಮಗಳು ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಫೈ ಸಿಗ್ಮಾ ರೋ ಅನ್ನೋ ಸೊರಾರಿಟಿ, ಅಂದ್ರೆ ಕಾಲೇಜು ಹುಡುಗಿಯರ ಸಂಘ, ಸೇರೋ ಮನಸ್ಸಿದೆ ಅಂತ ಮೊನ್ನೆ ಫೋನಲ್ಲಿ ಹೇಳಿದಳು. ಎಂಜಿನಿಯರಿಂಗ್ ಓದೋ ಹೆಣ್ಮಕ್ಕಳಿಗೆ, ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳಿಗೆ ಅಂತಲೇ ಇರೋದಂತೆ. ಸೊರಾರಿಟಿ ಅಂದ್ರೆ ನನಗೆ ಗೊತ್ತಿರೋದು ಇಂಗ್ಲಿಷ್ ಸಿನಿಮಾದಲ್ಲಿ ನೋಡಿದ್ದಷ್ಟೇ: ದೊಡ್ಡ ಮನೆ, ಪಾರ್ಟಿ, ಕುಡಿತ. ರ್‍ಯಾಗಿಂಗ್ ಇರತ್ತಾ? ಓದಿಗೆ ತೊಂದರೆ ಆಗತ್ತಾ? ಖರ್ಚು ಹೇಗೆ? ಸಾಲ ಮಾಡಿ ಕಳಿಸಿದ್ದೀವಿ. ಅವರಪ್ಪ ಖಡಾಖಂಡಿತ ಬೇಡ ಅಂತಿದಾರೆ. ಅವಳು ಮಾತ್ರ ಅಲ್ಲಿ ತುಂಬಾ ಒಂಟಿ ಅನ್ಸತ್ತೆ ಅಂತಾಳೆ.

ಉತ್ತರ: ಮೆಕ್ಯಾನಿಕಲ್ ಓದಿ ಈಗ ಅಲ್ಲೇ ಕೆಲಸದಲ್ಲಿರುವವಳು

ಅಕ್ಕ, ನಾನು ಬೇರೆ ಯೂನಿವರ್ಸಿಟಿಯಲ್ಲಿ ಇದೇ ಸೊರಾರಿಟಿಯಲ್ಲಿದ್ದೆ. ಇದು ಹುಟ್ಟಿದ್ದು ಹೇಗೆ ಅಂತ ಕೇಳಿದ್ರೆ ನಿಮ್ಮ ಅರ್ಧ ಭಯ ಇಳಿಯತ್ತೆ. ನಿಮ್ಮ ಮಗಳು ಓದ್ತಿರೋ ಪರ್ಡ್ಯೂನಲ್ಲೇ, 1984ರಲ್ಲಿ, ರಶ್ಮಿ ಖನ್ನಾ ಮತ್ತು ಆಬಿ ಮೆಕ್‌ಡೊನಾಲ್ಡ್ ಅನ್ನೋ ಇಬ್ಬರು ವಿದ್ಯಾರ್ಥಿನಿಯರು ಶುರು ಮಾಡಿದ್ದು. ಆಗ ಇದ್ದ ಬೇರೆ ಸೊರಾರಿಟಿಗಳನ್ನ ಸೇರೋ ಆಸೆ ಅವರಿಗಿತ್ತು. ಆದರೆ ಅಲ್ಲಿನ ಆಯ್ಕೆ ಕಾರ್ಯಕ್ರಮಗಳಿಗೂ ಎಂಜಿನಿಯರಿಂಗ್ ಓದಿನ ಹೊರೆಗೂ ಹೊಂದಾಣಿಕೆಯೇ ಆಗ್ತಿರಲಿಲ್ಲ. ಅದಕ್ಕೇ ತಮ್ಮದೇ ಒಂದನ್ನ ಕಟ್ಟಿಕೊಂಡ್ರು. ಅದರ ಹಿಂದಿನ ವರ್ಷ ಮಿಲ್ವಾಕೀಯ ಮಾರ್ಕ್ವೆಟ್ ಯೂನಿವರ್ಸಿಟಿಯಲ್ಲಿ ಆಲ್ಫಾ ಒಮೇಗಾ ಎಪ್ಸಿಲಾನ್, ಆಮೇಲೆ 1989ರಲ್ಲಿ ಮಿನ್ನೆಸೋಟ ಯೂನಿವರ್ಸಿಟಿಯಲ್ಲಿ ಆಲ್ಫಾ ಸಿಗ್ಮಾ ಕಪ್ಪಾ ಅನ್ನೋ ಇಂಥದ್ದೇ ಸೊರಾರಿಟಿಗಳು ಹುಟ್ಟಿದ್ವು. ಓದು ಬಿಡೋಕಾಗದೇ ಇದ್ದೋರು ಓದಿನ ಪಕ್ಕದಲ್ಲೇ ಮಾಡಿಕೊಂಡ ಜಾಗ ಇದು.

ಒಂಟಿತನದ ಮಾತು ಬರೆದಿದ್ದೀರಲ್ಲ, ಅದನ್ನ ಹಗುರವಾಗಿ ತಗೋಬೇಡಿ. ಲ್ಯಾಬ್ ಗುಂಪಲ್ಲಿ ಎಷ್ಟೋ ಸಲ ನಾನೊಬ್ಬಳೇ ಹುಡುಗಿ. ಮೆಷಿನ್ ಮುಟ್ಟೋದು ಹುಡುಗರು, ರೀಡಿಂಗ್ ಬರ್ಕೊಂಡು ರಿಪೋರ್ಟ್ ಮಾಡೋದು ನಾನು. ಯಾರೂ ಹೀಗೆ ಅಂತ ತೀರ್ಮಾನ ಮಾಡಿದ್ದಲ್ಲ, ಪ್ರತಿ ವಾರ ಹಾಗೇ ಆಗ್ತಿತ್ತು. ಹೊಸಬರಿಗೆ ಜೋಡಿ ಮಾಡಿಕೊಡೋ ಸೀನಿಯರ್‌ನ 'ಬಿಗ್' ಅಂತಾರೆ. ನನ್ನ ಬಿಗ್ ಹತ್ರ ಇದನ್ನ ಹೇಳಿಕೊಂಡಾಗ ಅವಳು, "ಮುಂದಿನ ವಾರ ಹತ್ತು ನಿಮಿಷ ಮುಂಚೆ ಹೋಗಿ ಲೇತ್ ಮೆಷಿನ್ ಮುಂದೆ ನಿಂತ್ಕೋ. ಯಾರನ್ನೂ ಕೇಳ್ಬೇಡ" ಅಂದಳು. ನಿಂತ್ಕೊಂಡೆ. ಅವತ್ತಿಂದ ರಿಪೋರ್ಟ್ ಕೆಲಸವನ್ನ ಸರದಿ ಮೇಲೆ ಹಂಚಿಕೊಂಡ್ವಿ. ಈ ಮಾತು ಹೇಳೋಕೆ ಅದೇ ಲ್ಯಾಬಲ್ಲಿ ಅದೇ ಥರ ನಿಂತಿದ್ದೋಳೇ ಬೇಕು.

ಕಂಪನಿಗಳು ಕೆಲಸಕ್ಕೆ ಆರಿಸೋಕೆ ಕಾಲೇಜಿಗೆ ಬರೋ ಕೆರಿಯರ್ ಫೇರ್ ಹಿಂದಿನ ಸಂಜೆ ಸೀನಿಯರ್‌ಗಳು ಕಂಪನಿಯವರ ಥರ ಮೇಜಿನ ಹಿಂದೆ ಕೂರ್ತಿದ್ರು. ನಾವು ರೆಸ್ಯೂಮೆ ಹಿಡಿದು ಸಾಲಾಗಿ ಹೋಗಬೇಕು, ಕೈ ಕುಲುಕಿ ಅರ್ಧ ನಿಮಿಷದಲ್ಲಿ ನಮ್ಮ ಬಗ್ಗೆ ಹೇಳಬೇಕು. ನನ್ನ ಬಾಯಲ್ಲಿ ಬರ್ತಿದ್ದದ್ದು "ನಮ್ಮ ಟೀಮ್ ಮಾಡಿತು" ಅಂತಲೇ. "ಟೀಮ್ ಇರ್ಲಿ, ನೀನು ಏನು ಮಾಡಿದೆ?" ಅಂತ ಮತ್ತೆ ಮತ್ತೆ ಕೇಳಿ ಬಾಯಿ ಬಿಡಿಸಿದ್ರು. ಹೆಣ್ಮಕ್ಕಳು ತಮ್ಮ ಕೆಲಸದ ಬಗ್ಗೆ ತಾವೇ ಹೇಳಿಕೊಳ್ಳೋದನ್ನ ನಮ್ಮ ಎಷ್ಟೋ ಮನೆಗಳಲ್ಲಿ ಜಂಬ ಅಂತಾರೆ. ನನಗೆ ಇದರ ಬಗ್ಗೆ ಇವತ್ತಿಗೂ ಸಿಟ್ಟಿದೆ.

ಸಮಯ ಹೋಗತ್ತೆ, ಇಲ್ಲ ಅನ್ನಲ್ಲ. ವಾರಕ್ಕೊಂದು ಮೀಟಿಂಗ್, ಸೇವಾ ಕೆಲಸ, ಹೊಸಬರನ್ನ ಸೇರಿಸಿಕೊಳ್ಳೋ ವಾರಗಳಲ್ಲಿ ದಿನಾ ಸಂಜೆ. ನಮ್ಮಲ್ಲಿ ಜಿಪಿಎ, ಅಂದ್ರೆ ಸರಾಸರಿ ಗ್ರೇಡ್, ಇಳಿದ್ರೆ ಪದಾಧಿಕಾರಿ ಆಗೋ ಹಾಗಿರಲಿಲ್ಲ, ಲೈಬ್ರರಿಯಲ್ಲಿ ಒಟ್ಟಿಗೆ ಕೂತು ಓದೋ ಗಂಟೆಗಳೂ ಇದ್ವು.

ಉತ್ತರ: ನ್ಯೂಜೆರ್ಸಿಯಿಂದ, ಇಬ್ಬರು ಹೆಣ್ಣುಮಕ್ಕಳ ತಂದೆ

ದುಡ್ಡಿನ ವಿಷಯ ನಾನು ಹೇಳುತ್ತೇನೆ ಮೇಡಂ. ಪ್ರತಿ ಸೆಮಿಸ್ಟರ್‌ಗೂ ಡ್ಯೂಸ್, ಅಂದರೆ ಸದಸ್ಯತ್ವ ಶುಲ್ಕ, ಇರುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಸೇರ್ಪಡೆ ಶುಲ್ಕ, ಬ್ಯಾಡ್ಜ್ ಎಂದು ಅದಕ್ಕಿಂತ ಹೆಚ್ಚು. ಒಂದೊಂದು ಚಾಪ್ಟರ್‌ನ, ಅಂದರೆ ಆಯಾ ಕಾಲೇಜಿನ ಶಾಖೆಯ, ಲೆಕ್ಕ ಒಂದೊಂದು, ಹಾಗಾಗಿ ಪಕ್ಕದ ಕಾಲೇಜಿನವರು ಹೇಳಿದ ಮೊತ್ತ ನಂಬಬೇಡಿ. ಡ್ಯೂಸ್‌ನಲ್ಲಿ ಏನೇನು ಸೇರಿದೆ, ಟೀ ಶರ್ಟ್, ಔತಣ, ಪ್ರವಾಸಕ್ಕೆ ಬೇರೆ ಕೊಡಬೇಕೇ, ಕಂತಿನಲ್ಲಿ ಕಟ್ಟಬಹುದೇ ಎಂದು ಸಹಿ ಮಾಡುವ ಮುಂಚೆ ಬರಹದಲ್ಲಿ ಕೇಳಿಸಿ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದ ಮಕ್ಕಳು ತರಗತಿ ನಡೆಯುವಾಗ ಕ್ಯಾಂಪಸ್‌ನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಪಾರ್ಟ್ ಟೈಮ್ ಮಾಡಿ ಕಟ್ಟುತ್ತೇನೆ ಎಂದರೆ ಆ ಮಿತಿಯೊಳಗೇ ಲೆಕ್ಕ ಹಾಕಬೇಕು.

ರ್‍ಯಾಗಿಂಗ್‌ಗೆ ಇಲ್ಲಿ ಹೇಜಿಂಗ್ ಎನ್ನುತ್ತಾರೆ. ಎಂಜಿನಿಯರಿಂಗ್ ಓದುವವರದ್ದು ಎಂದ ಮಾತ್ರಕ್ಕೆ ಅದು ಇರುವುದೇ ಇಲ್ಲ ಎಂದು ನಾನು ಹೇಳಲಾರೆ. ನನ್ನ ದೊಡ್ಡವಳು ಸೇರಲು ಹೋದ ಒಂದು ಸಂಘದಲ್ಲಿ ಹೊಸಬರ ಫೋನ್ ಕಿತ್ತಿಟ್ಟುಕೊಂಡು ರಾತ್ರಿಯಿಡೀ ಕೂರಿಸಿದ್ದರು. ಬೆಳಿಗ್ಗೆಯೇ ಬಿಟ್ಟು ಬಂದಳು. ನಾವು ಕಾಲೇಜಿಗೆ ದೂರು ಕೊಟ್ಟೆವು, ವಿಚಾರಣೆಯೂ ಆಯಿತು. 2024ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ಹೇಜಿಂಗ್ ಮಾಡಿದ್ದು ಸಾಬೀತಾದ ಸಂಘಗಳ ವಿವರವನ್ನು ಕಾಲೇಜುಗಳು ತಮ್ಮ ವೆಬ್‌ಸೈಟ್‌ನಲ್ಲಿ ಪ್ರಕಟಿಸಬೇಕು. ಮಗಳ ಜೊತೆ ಕೂತು ಆ ಪುಟ ತೆಗೆದು ನೋಡಿ. ಕುಡಿತದ ಬಗ್ಗೆ: ಇಲ್ಲಿ 21 ತುಂಬದೆ ಕುಡಿಯುವುದು ಕಾನೂನುಬಾಹಿರ. ಅದನ್ನು ಆ ಚಾಪ್ಟರ್ ಎಷ್ಟು ಪಾಲಿಸುತ್ತದೆ ಎಂಬುದು ಹೊರಗಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ ತಿಳಿಯುತ್ತದೆ.

ಉತ್ತರ: ಸೇರದೇ ಇದ್ದವಳು

ನಾನು ಸೇರಲಿಲ್ಲ, ಆ ಬಗ್ಗೆ ಬೇಸರವೂ ಇಲ್ಲ. ಸೊಸೈಟಿ ಆಫ್ ವಿಮೆನ್ ಎಂಜಿನಿಯರ್ಸ್ ಅಂತ 1950ರಿಂದ ಇದೆ, ಅದರ ಕಾಲೇಜು ಶಾಖೆ ನನಗೆ ಸಾಕಾಯ್ತು. ಶುಲ್ಕ ಕಡಿಮೆ, ಬೇಕಾದಾಗ ಹೋಗೋದು, ಬೇಡದಾಗ ಬಿಡೋದು. ರಾತ್ರಿ ಜ್ವರ ಬಂದಾಗ ಗಂಜಿ ತಂದುಕೊಡೋ ಥರದ ಸ್ನೇಹ ಅಲ್ಲಿ ತಾನಾಗೇ ಸಿಗಲ್ಲ, ಅದನ್ನ ಬೇರೆ ಕಡೆ ಹುಡುಕಿಕೊಂಡೆ. ಮೊದಲ ಸೆಮಿಸ್ಟರ್ ಅಲ್ಲಿ ಹೋಗಿ ನೋಡಲಿ, ಎರಡನೇದರಲ್ಲಿ ಸೊರಾರಿಟಿ ಯೋಚಿಸಲಿ.

ಉತ್ತರ: ಹುಬ್ಬಳ್ಳಿ ಕಡೆಯ ನಾನ್-ಬೈನರಿ ವಿದ್ಯಾರ್ಥಿ

ಇದನ್ನು ಓದುತ್ತಿರುವ, ಗಂಡು ಅಥವಾ ಹೆಣ್ಣು ಎಂದಷ್ಟೇ ಗುರುತಿಸಿಕೊಳ್ಳದ ನನ್ನಂಥವರಿಗಾಗಿ ಬರೆಯುತ್ತಿದ್ದೇನೆ. ನಾನು ಇಂಥದ್ದೇ ಒಂದು ಸೊರಾರಿಟಿಯಲ್ಲಿದ್ದೇನೆ. ಸೇರುವ ಮೊದಲು ಚಾಪ್ಟರ್ ಅಧ್ಯಕ್ಷೆಗೆ ನೇರವಾಗಿ ಕೇಳಿದ್ದೆ: ನನ್ನಂಥವರು ಈಗ ಎಷ್ಟು ಜನ ಇದ್ದಾರೆ, ಸಮಾರಂಭಕ್ಕೆ ಸೀರೆ ಅಥವಾ ಗೌನ್ ಕಡ್ಡಾಯವೇ, ನಾನು ಕರೆಸಿಕೊಳ್ಳುವ ಹೆಸರನ್ನೇ ಪಟ್ಟಿಯಲ್ಲಿ ಬರೆಯುತ್ತೀರಾ? ನಿಯಮದಲ್ಲಿ ಎಲ್ಲರಿಗೂ ಸ್ವಾಗತ ಎಂದಿದ್ದರೂ ಒಳಗೆ ಹೇಗಿದೆ ಎಂದು ಈ ಮೂರು ಪ್ರಶ್ನೆಗಳಿಂದ ಗೊತ್ತಾಗುತ್ತದೆ. ಅವರು ತಡವರಿಸದೆ ಉತ್ತರ ಕೊಟ್ಟರು, ಅದಕ್ಕೇ ಸೇರಿದೆ.

ಇನ್ನೊಂದು, ಬಹಳ ಮುಖ್ಯ. ಹೊಸಬರ ಫೋಟೊವನ್ನು ಹೆಸರಿನ ಸಮೇತ ಇನ್‌ಸ್ಟಾಗ್ರಾಮ್‌ಗೆ ಹಾಕುವುದು ಅಲ್ಲಿ ರೂಢಿ. ಊರಿನ ಚಿಕ್ಕಪ್ಪನ ಮಗಳ ಕಣ್ಣಿಗೆ ಅದು ಬಿದ್ದರೆ ಸಂಜೆಯೊಳಗೆ ಮನೆಮಂದಿಗೆಲ್ಲ ಗೊತ್ತು. ಮನೆಯಲ್ಲಿ ಇನ್ನೂ ಹೇಳಿಲ್ಲದವರು ಮೊದಲ ದಿನವೇ ನನ್ನ ಫೋಟೊ, ಸರ್ವನಾಮ (ಅವನು, ಅವಳು, ಅವರು ಎಂಬುದರಲ್ಲಿ ನಾನು ಆರಿಸಿಕೊಂಡದ್ದು) ಹಾಕಬೇಡಿ ಎಂದು ಹೇಳಿಬಿಡಿ. ಅಮ್ಮ, ನಿಮ್ಮ ಮಗಳ ಗೆಳೆಯರ ಬಳಗದಲ್ಲಿ ಅಂಥ ಮಕ್ಕಳು ಇರುತ್ತಾರೆ. ಅವರು ಫೋನಿನಲ್ಲಿ ಎದುರಾದರೆ ಊಟ ಆಯ್ತಾ ಅಂತ ಕೇಳಿ, ಅಷ್ಟು ಸಾಕು.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ ಅವರಪ್ಪನನ್ನೂ ಕೂರಿಸಿಕೊಂಡು ಇದನ್ನೆಲ್ಲ ಓದಿದೆ. ಲೇತ್ ವಿಷಯ ಬಂದಾಗ ಅವರು, "ಇವಳಿಗೂ ಹಾಗೇ ಆಗ್ತಿದೆಯಾ ಕೇಳು" ಅಂದ್ರು. ಕೇಳಿದೆ, ಹೌದಂತೆ. ಮಾಹಿತಿ ಸಭೆಗೆ ಹೋಗಿ ಬಾ, ಡ್ಯೂಸ್ ಪಟ್ಟಿ ಕಳಿಸು ಅಂತ ಹೇಳಿದ್ದೀವಿ. ಒಂದೇ ಅನುಮಾನ ಉಳಿದಿದೆ: ಮುಂದೆ ಕೋ-ಆಪ್ ಅಂತ ಒಂದು ಸೆಮಿಸ್ಟರ್ ಬೇರೆ ಊರಿನ ಕಂಪನಿಗೆ ಹೋದ್ರೆ ಆಗಲೂ ಪೂರ್ತಿ ದುಡ್ಡು ಕಟ್ಟಬೇಕಾ?

ಮೆಕ್ಯಾನಿಕಲ್ ಓದಿದವಳು

ನಮ್ಮ ಚಾಪ್ಟರ್‌ನಲ್ಲಿ ಕೋ-ಆಪ್‌ಗೆ ಹೋದೋರಿಗೆ ಡ್ಯೂಸ್ ಕಡಿಮೆ ಇತ್ತು, ಮೀಟಿಂಗಿಗೂ ವಿನಾಯಿತಿ ಇತ್ತು. ಆದರೆ ಹೋಗೋಕೆ ಮುಂಚೆ ಖಜಾಂಚಿಗೆ ಮೇಲ್ ಹಾಕಿರಬೇಕಿತ್ತು. ಪರ್ಡ್ಯೂನಲ್ಲಿ ಹೇಗೆ ಅಂತ ಮಾಹಿತಿ ಸಭೆಯಲ್ಲೇ ಕೇಳಲಿ ಅಕ್ಕ.