ನಾಲ್ಕು ವರ್ಷದ ಮಗುವಿಗೆ ಪ್ರಯಾಣದ ಕಾರ್ ಸೀಟು: ಹಗುರವೂ ಇರಬೇಕು, ಆರಾಮವೂ ಇರಬೇಕು

ಪ್ರಶ್ನೆ

ಮಗಳಿಗೆ ನಾಲ್ಕು ತುಂಬಿದೆ. ತೂಕ 16.5 ಕೆ.ಜಿ., ಎತ್ತರ 102 ಸೆಂ.ಮೀ. ಎರಡು ವಾರದ ಪ್ರಯಾಣ ಇದೆ: ಮೊದಲು ವಿಮಾನ, ಆಮೇಲೆ ಟ್ಯಾಕ್ಸಿ ಮತ್ತು ಬಾಡಿಗೆ ಕಾರು. ಈಗಿರುವ ಸೀಟು 11 ಕೆ.ಜಿ., ಹೊತ್ತು ತಿರುಗುವ ಹಾಗಿಲ್ಲ. ಒಂದು ಗಂಟೆ ದಾಟಿದರೆ ಕಾಲು ನೋವು ಅನ್ನುತ್ತಾಳೆ, ನಿದ್ದೆ ಬಂದರೆ ತಲೆ ಮುಂದಕ್ಕೆ ಜೋತು ಬೀಳುತ್ತೆ. ಹಗುರವಾದದ್ದು ಯಾವುದು ತಗೊಳ್ಳಲಿ? ಬೂಸ್ಟರ್ ಸಾಕಾಗುತ್ತಾ?

ಉತ್ತರ 1

ಸೀಟು ನೋಡುವ ಮೊದಲು ಒಂದು ಅಳತೆ ತಗೊಳ್ಳಿ. ಮಗಳ ಬೆನ್ನು ಗೋಡೆಗೆ ತಾಗುವ ಹಾಗೆ ನೆಲದ ಮೇಲೆ ನೇರ ಕೂರಿಸಿ, ನೆಲದಿಂದ ಭುಜದವರೆಗೆ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಹಗುರ ಸೀಟುಗಳು ಚಿಕ್ಕದಾಗುವುದು ಹೆಚ್ಚಾಗಿ ತೂಕದಿಂದಲ್ಲ, ಈ ಅಳತೆಯಿಂದ. ಮುಂದಕ್ಕೆ ಮುಖ ಮಾಡಿ ಕೂರುವ ಮಗುವಿಗೆ ಹಾರ್ನೆಸ್ ಪಟ್ಟಿ (ಮಗುವನ್ನು ಸೀಟಿಗೆ ಬಿಗಿಯುವ, ಸೀಟಿನದೇ ಪಟ್ಟಿ) ಭುಜದ ಮಟ್ಟದಿಂದಲೋ ಅದಕ್ಕಿಂತ ತುಸು ಮೇಲಿನಿಂದಲೋ ಹೊರಡಬೇಕು. ಕೆಳಗಿನಿಂದ ಹೊರಟರೆ ಅಪಘಾತದಲ್ಲಿ ಪಟ್ಟಿ ಭುಜವನ್ನು ಕೆಳಕ್ಕೆ ಜಗ್ಗುತ್ತದೆ, ಒತ್ತಡವೆಲ್ಲ ಬೆನ್ನುಮೂಳೆಗೆ. ಹಾಗಾಗಿ ಸೀಟಿನ ಅತಿ ಮೇಲಿನ ಪಟ್ಟಿ ತೂತು ನಿಮ್ಮ ಅಳತೆಗಿಂತ ಕನಿಷ್ಠ ಮೂರು ನಾಲ್ಕು ಸೆಂ.ಮೀ. ಎತ್ತರ ಇರಲಿ. ಅಷ್ಟಿಲ್ಲದಿದ್ದರೆ ಮುಂದಿನ ಪ್ರಯಾಣಕ್ಕೆ ಅದು ಆಗಿಬರುವುದಿಲ್ಲ.

ನಾಲ್ಕೈದು ಕೆ.ಜಿ. ತೂಗುವ ಸಾದಾ ಕನ್ವರ್ಟಿಬಲ್ (ಹಿಂದಕ್ಕೂ ಮುಂದಕ್ಕೂ ಮುಖ ಮಾಡಿ ಕೂರಿಸಬಹುದಾದ) ಸೀಟುಗಳಲ್ಲಿ ಹಾರ್ನೆಸ್ ಮಿತಿ ಹಲವು ಕಡೆ 18 ಕೆ.ಜಿ. ಮಾತ್ರ. ನಿಮ್ಮ ಮಗಳಿಗೆ ಉಳಿಯುವುದು ಒಂದೂವರೆ ಕೆ.ಜಿ. ಅಲ್ಯುಮಿನಿಯಂ ಚೌಕಟ್ಟಿನ, ಮಡಚುವ ಪಿಕೊ ಎಂಬ ಸೀಟು ಸುಮಾರು 3.6 ಕೆ.ಜಿ., ಅದರ ಹಾರ್ನೆಸ್ ಸುಮಾರು 22.7 ಕೆ.ಜಿ.ವರೆಗೆ ನಡೆಯುತ್ತೆ. ಆದರೆ ಅದರಲ್ಲಿ ಹಿಂದಕ್ಕೆ ಒರಗುವ ವ್ಯವಸ್ಥೆ ಇಲ್ಲ.

ಇನ್ನೊಂದನ್ನು ಮರೆಯಬೇಡಿ. ಅಮೆರಿಕದ ಸುರಕ್ಷತಾ ಮಾನದಂಡ ಎಫ್‌ಎಂವಿಎಸ್‌ಎಸ್ 213 ಪ್ರಕಾರ ಪ್ರಮಾಣಿತವಾದ ಸೀಟು ಯುರೋಪಿನಲ್ಲಿ ಕಾನೂನಿಗೆ ಒಪ್ಪಿಗೆಯಲ್ಲ, ಅಲ್ಲಿನ ಮಾನದಂಡಗಳಾದ ಆರ್44 ಅಥವಾ ಆರ್129ರ ಸೀಟು ಅಮೆರಿಕದಲ್ಲಿ ಒಪ್ಪಿಗೆಯಲ್ಲ. ಹೋಗುವ ದೇಶದ ನಿಯಮ ಯಾವುದು ಅಂತ ಮೊದಲು ನೋಡಿ, ಆಮೇಲೆ ಮಾದರಿ ಹುಡುಕಿ.

ಉತ್ತರ 2

ಬೂಸ್ಟರ್ ಬಗ್ಗೆ ಕೇಳಿದಿರಿ. ಆರ್129 ಇರುವ ಕಡೆ ಬೆನ್ನಿರುವ ಬೂಸ್ಟರ್‌ಗಳ ವ್ಯಾಪ್ತಿ ಸಾಮಾನ್ಯವಾಗಿ 100ರಿಂದ 150 ಸೆಂ.ಮೀ. ಆದ್ದರಿಂದ ಅಳತೆ ಲೆಕ್ಕದಲ್ಲಿ ನಿಮ್ಮ ಮಗಳು ಒಳಗೆ ಬರುತ್ತಾಳೆ. ಅಮೆರಿಕದಲ್ಲಿ ಬಹುತೇಕ ಬೂಸ್ಟರ್‌ಗಳು 18 ಕೆ.ಜಿ.ಯಿಂದ ಶುರು. ಆದರೆ ಅಳತೆಗಿಂತ ದೊಡ್ಡ ಪ್ರಶ್ನೆ, ಮಗು ಇಡೀ ದಾರಿ ನೆಟ್ಟಗೆ ಕೂರುತ್ತಾ ಅನ್ನುವುದು. ಬೂಸ್ಟರ್ ಮಗುವನ್ನು ಹಿಡಿದಿಡುವುದಿಲ್ಲ, ಕಾರಿನ ಬೆಲ್ಟು ಸರಿಯಾದ ಜಾಗದಲ್ಲಿ ಬರುವಂತೆ ಎತ್ತರಿಸುತ್ತದೆ ಅಷ್ಟೇ. ಕೆಳಗಿನ ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆ ಸಂದಿನಲ್ಲಿ ಸೊಂಟದ ಮೂಳೆಗೆ ತಾಗಿರಬೇಕು. ಮೇಲಿನದು ಕುತ್ತಿಗೆ ಮತ್ತು ತೋಳಿನ ನಡುವೆ ಭುಜದ ಮಧ್ಯದಲ್ಲಿ ಹಾಯಬೇಕು. ನಿದ್ದೆಯಲ್ಲಿ ಪಕ್ಕಕ್ಕೆ ವಾಲಿದರೆ, ಬಗ್ಗಿ ಬಿದ್ದದ್ದು ಹೆಕ್ಕಿದರೆ, ಅಥವಾ ಬೆಲ್ಟನ್ನು ಕಂಕುಳ ಕೆಳಗೆ ಸರಿಸಿದರೆ ಎರಡೂ ಜಾಗ ತಪ್ಪುತ್ತೆ.

ಬೆನ್ನಿಲ್ಲದ, ಗಾಳಿ ತುಂಬುವ ಪುಟ್ಟ ಬೂಸ್ಟರ್ ಬ್ಯಾಗಿನಲ್ಲಿ ಹಿಡಿಯುತ್ತೆ, ನಿಜ. ನಾಲ್ಕು ವರ್ಷದ, ಕಾರಿನಲ್ಲಿ ಮಲಗುವ ಮಗುವಿಗೆ ನಾನು ಅದನ್ನು ಹೇಳುವುದಿಲ್ಲ. ಬರೀ ಸೊಂಟದ ಬೆಲ್ಟು ಇರುವ ಜಾಗದಲ್ಲಂತೂ ಯಾವ ಬೂಸ್ಟರೂ ಬೇಡ.

ಪ್ರಶ್ನೆ ಕೇಳಿದವರು

ವಾಲುತ್ತಾಳೆ, ಮಧ್ಯಾಹ್ನದ ಹೊತ್ತು ಖಂಡಿತ ಮಲಗುತ್ತಾಳೆ. ಹಾಗಾದರೆ ಹಾರ್ನೆಸ್ಸೇ. ವಿಮಾನದೊಳಗೆ ಇದನ್ನು ಹಾಕಬಹುದಾ?

ಉತ್ತರ 3

ಹಾಕಬಹುದು, ಸೀಟಿನ ಮೇಲೆ ಅದಕ್ಕೆ ಅನುಮತಿ ಬರೆದಿದ್ದರೆ. ಅಮೆರಿಕದ ಸೀಟುಗಳಲ್ಲಿ ಮೋಟಾರು ವಾಹನ ಮತ್ತು ವಿಮಾನ ಎರಡಕ್ಕೂ ಪ್ರಮಾಣಿತ ಎಂಬ ಸಾಲು ಕೆಂಪು ಅಕ್ಷರದಲ್ಲಿರುತ್ತದೆ. ಅದರ ಫೋಟೊ ಮೊಬೈಲಿನಲ್ಲಿರಲಿ, ಬಾಗಿಲಲ್ಲಿ ನಿಂತು ಸೀಟು ತಿರುವಿ ಹುಡುಕುವುದು ತಪ್ಪುತ್ತೆ. ಅಗಲ 40 ಸೆಂ.ಮೀ. ಒಳಗಿದ್ದರೆ ಬಹುತೇಕ ವಿಮಾನದ ಆಸನಗಳಲ್ಲಿ ಕೂರುತ್ತದೆ. ಕಿಟಕಿ ಪಕ್ಕದ ಆಸನ ಕೇಳಿ. ಬೇರೆಯವರು ಎದ್ದು ಹೊರಡುವ ದಾರಿಗೆ ಅಡ್ಡ ಬರಬಾರದು, ತುರ್ತು ಬಾಗಿಲಿನ ಸಾಲಿನಲ್ಲಂತೂ ಬಿಡುವುದಿಲ್ಲ. ಬೂಸ್ಟರ್, ಮೈಗೆ ತೊಡಿಸುವ ವೆಸ್ಟ್ ಇವೆರಡನ್ನೂ ಅಮೆರಿಕದ ವಿಮಾನಯಾನ ನಿಯಮ ಏರುವಾಗ ಇಳಿಯುವಾಗ ಬಿಡುವುದಿಲ್ಲ.

ವಿಮಾನದ ಆಸನದ ಕೈ ಊರುವ ಹಿಡಿಯನ್ನು ಮೇಲೆತ್ತಿ, ವಿಮಾನದ ಬೆಲ್ಟನ್ನು ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂರಿಸುವಾಗಿನ ಬೆಲ್ಟು ದಾರಿಯಲ್ಲೇ ತೂರಿಸಿ. ಸಿಕ್ಕಿಹಾಕಿಕೊಳ್ಳುವುದು ಬಕಲ್‌ನಲ್ಲಿ. ವಿಮಾನದ ಬಕಲ್ ಎತ್ತಿ ತೆಗೆಯುವಂಥದ್ದು. ಆ ಮುಚ್ಚಳ ಸೀಟಿನ ಪ್ಲಾಸ್ಟಿಕ್ ಕಡೆಗೆ ತಿರುಗಿದ್ದರೆ ಇಳಿಯುವಾಗ ಎತ್ತಲು ಜಾಗವೇ ಇರುವುದಿಲ್ಲ. ಬೆರಳು ಹೋಗುವ ಕಡೆಗೆ ಮುಖ ಮಾಡಿ ಹಾಕಿ, ಬಿಗಿ ಮಾಡುವ ಮುಂಚೆ ಒಮ್ಮೆ ತೆಗೆದು ನೋಡಿ. ತೆಳು ಸೀಟುಗಳಲ್ಲಿ ಬಕಲ್ ಮಗುವಿನ ಬೆನ್ನ ಹಿಂದೆ ಬಂದು ಒತ್ತುವುದೂ ಇದೆ. ಆಗ ಗಗನಸಖಿಯರ ಹತ್ತಿರ ಬೆಲ್ಟ್ ಉದ್ದ ಮಾಡುವ ತುಂಡು ಕೇಳಿ, ಬಕಲ್ ಪಕ್ಕಕ್ಕೆ ಸರಿಯುತ್ತೆ.

ಕೇರ್ಸ್ ಎಂಬ ವಿಮಾನದ ಪಟ್ಟಿಯ ಬಗ್ಗೆ ಯಾರಾದರೂ ಹೇಳಬಹುದು. ಅದರ ಎತ್ತರದ ಮಿತಿ 40 ಅಂಗುಲ, ಅಂದರೆ 101.6 ಸೆಂ.ಮೀ. ನಿಮ್ಮ ಮಗಳು ದಾಟಿಯಾಯಿತು. ಅಲ್ಲದೆ ಅದನ್ನು ಕಾರಿನಲ್ಲಿ ಬಳಸುವಂತಿಲ್ಲ.

ಉತ್ತರ 4

ಕಾಲು ನೋವಿನ ಕಾರಣ ಮೆತ್ತೆಯ ದಪ್ಪ ಅಲ್ಲ. ಕಾಲು ಜೋತಾಡುತ್ತಿದ್ದರೆ ಸೀಟಿನ ಅಂಚು ಮೊಣಕಾಲಿನ ಹಿಂದೆ ಒತ್ತುತ್ತದೆ, ಪಾದ ಜೋಮು ಹಿಡಿಯುತ್ತದೆ. ಕೂರಿಸಿ ನೋಡುವಾಗ ಬೆನ್ನು ಪೂರ್ತಿ ಹಿಂದಕ್ಕೆ ತಾಗಿರಲಿ, ಅಂಚು ಎಲ್ಲಿಗೆ ಬರುತ್ತದೆ ನೋಡಿ: ಮೊಣಕಾಲಿಗಿಂತ ಸ್ವಲ್ಪ ಹಿಂದೆ ನಿಂತು, ದುಂಡಗೆ ಕೆಳಕ್ಕೆ ಬಾಗಿದ್ದರೆ ಒಳ್ಳೆಯದು. ಕೆಳಗೆ ಪಾದ ಊರಲು ಮೆತ್ತನೆ ಬ್ಯಾಗು ಇಡಬಹುದು, ಗಟ್ಟಿ ಪೆಟ್ಟಿಗೆ ಬೇಡ.

ತಲೆ ಜೋತು ಬೀಳುವುದು ಕಣ್ಣಿಗೆ ಕಷ್ಟ, ಆದರೆ ಕತ್ತು ಗಟ್ಟಿಯಿರುವ ನಾಲ್ಕು ವರ್ಷದವಳಿಗೆ ಎಳೆಕೂಸಿನ ಹಾಗೆ ಉಸಿರು ಕಟ್ಟುವ ಭಯ ಇಲ್ಲ. ಹಣೆಗೆ ಕಟ್ಟಿ ಸೀಟಿಗೆ ಬಿಗಿಯುವ ಪಟ್ಟಿ ಮಾತ್ರ ಕೊಳ್ಳಲೇಬೇಡಿ; ಡಿಕ್ಕಿಯಲ್ಲಿ ಮೈ ಮುಂದಕ್ಕೆ ಹೋಗುತ್ತದೆ, ತಲೆ ಅಲ್ಲೇ ನಿಲ್ಲುತ್ತದೆ, ಕತ್ತಿಗೆ ಪೆಟ್ಟು. ಬೆನ್ನ ಹಿಂದೆ, ಪಟ್ಟಿಯ ಕೆಳಗೆ ದಿಂಬು, ದಪ್ಪ ಜಾಕೆಟ್ಟು ಹಾಕುವುದೂ ಅಷ್ಟೇ ತಪ್ಪು. ಅದು ಒತ್ತಿ ತೆಳುವಾದಾಗ ಪಟ್ಟಿ ಸಡಿಲ ಉಳಿಯುತ್ತದೆ. ಚಳಿಯಾದರೆ ಪಟ್ಟಿ ಹಾಕಿದ ಮೇಲೆ ಶಾಲು ಹೊದಿಸಿ. ಕಾರು ಬಿಸಿಲಲ್ಲಿ ನಿಂತಿದ್ದರೆ ಕೂರಿಸುವ ಮೊದಲು ಬಕಲ್ ಮುಟ್ಟಿ ನೋಡಿ, ಲೋಹ ಸುಡುತ್ತದೆ.

ಉತ್ತರ 5

ಟ್ಯಾಕ್ಸಿಯಲ್ಲಿ ಎರಡು ಮೂರು ನಿಮಿಷದಲ್ಲಿ ಕೂರಿಸಬೇಕಾಗುತ್ತೆ, ಆದ್ದರಿಂದ ಬೆಲ್ಟಿನಿಂದ ಕಟ್ಟಬಲ್ಲ ಸೀಟೇ ಬೇಕು. ಐಸೋಫಿಕ್ಸ್ ಕೊಂಡಿ (ಬೆಲ್ಟಿಲ್ಲದೆ ಸೀಟು ಸಿಕ್ಕಿಸಲು ಕಾರಿನಲ್ಲೇ ಬರುವ ಕೊಂಡಿ) ಇರದ ಕಾರು ಬಂದರೂ ನಡೆಯುತ್ತೆ. ಬೆಲ್ಟು ತಿರುಚದಂತೆ ತೂರಿಸಿ, ಬಕಲ್ ಹಾಕಿ, ಮೊಣಕಾಲಿಂದ ಸೀಟನ್ನು ಒತ್ತುತ್ತಾ ಸಡಿಲು ಎಳೆಯಿರಿ. ಅಮೆರಿಕದ ಕಾರುಗಳಲ್ಲಿ ಬೆಲ್ಟನ್ನು ಪೂರ್ತಿ ಹೊರಗೆಳೆದು ಒಳಕ್ಕೆ ಬಿಟ್ಟರೆ ಟಿಕ್ ಟಿಕ್ ಅಂತ ಬಿಗಿಯಾಗುತ್ತಾ ಹೋಗುತ್ತದೆ. ಬೇರೆ ಕಡೆಯ ಕಾರುಗಳಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ, ಆಗ ಸೀಟಿನಲ್ಲೇ ಬೆಲ್ಟು ಕಚ್ಚಿ ಹಿಡಿಯುವ ಕ್ಲಿಪ್ ಇರಬೇಕು. ಬೆಲ್ಟು ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ: 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಮೇಲ್ತುದಿ ಹಿಡಿದು ಅಲ್ಲಾಡಿಸಿದರೆ ಯಾವ ಸೀಟೂ ಅಲ್ಲಾಡುತ್ತೆ, ಅದರಿಂದ ಏನೂ ತಿಳಿಯುವುದಿಲ್ಲ.

ಎಷ್ಟು ಎಳೆದರೂ ಬಿಗಿಯಾಗದಿದ್ದರೆ ಹೆಚ್ಚಾಗಿ ಕಾರಿನ ಬಕಲ್ ಸೀಟಿನ ಅಂಚಿನ ಮೇಲೆ ಕೂತಿರುತ್ತದೆ. ಜಾಗ ಬದಲಿಸಿ.

ಸೀಟಿನ ಮೇಲ್ತುದಿಯನ್ನು ಕಾರಿಗೆ ಕಟ್ಟುವ, ಹಿಂದಿನ ಟೆದರ್ ಪಟ್ಟಿ ಬಿಡಬೇಡಿ. ಅಪಘಾತದಲ್ಲಿ ತಲೆ ಎಷ್ಟು ಮುಂದಕ್ಕೆ ಹೋಗುತ್ತದೆ ಅನ್ನುವುದನ್ನು ತಗ್ಗಿಸುವುದೇ ಅದು. ಸೆಡಾನ್‌ನಲ್ಲಿ ಕೊಕ್ಕೆ ಹಾಕುವ ಜಾಗ ಹಿಂದಿನ ಗಾಜಿನ ಕೆಳಗೆ ಪ್ಲಾಸ್ಟಿಕ್ ಮುಚ್ಚಳದಡಿ ಇರುತ್ತದೆ. ಹಿಂಬಾಗಿಲಿನ ಕಾರುಗಳಲ್ಲಿ ಆಸನದ ಬೆನ್ನಿಗೋ ಡಿಕ್ಕಿಯ ನೆಲಕ್ಕೋ. ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಕ್ಕೆಯೂ ಹೀಗೇ ಕಾಣುತ್ತದೆ, ಅದು ಈ ಭಾರಕ್ಕಲ್ಲ.

ಪ್ರತಿ ಸಲ ಮಗಳನ್ನು ಕೂರಿಸಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಉದ್ದುದ್ದಕ್ಕೆ ಚಿವುಟಿ ನೋಡಿ. ಬೆರಳಿಗೆ ಮಡಿಕೆ ಸಿಕ್ಕರೆ ಇನ್ನೂ ಬಿಗಿ ಮಾಡಬೇಕು.

ಉತ್ತರ 6

ಸೀಟನ್ನು ಲಗೇಜಿಗೆ ಹಾಕುವ ಯೋಚನೆಯಿದ್ದರೆ ಬಿಡಿ. ಎಸೆದಾಟದಲ್ಲಿ ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ, ಕಳೆದುಹೋದರೆ ಇಳಿದ ಕೂಡಲೇ ಟ್ಯಾಕ್ಸಿಗೆ ಸೀಟೇ ಇಲ್ಲ. ಬಾಡಿಗೆ ಸೀಟು ಯಾವ ಅಪಘಾತ ಕಂಡಿದೆಯೋ ತಿಳಿಯುವ ದಾರಿಯಿಲ್ಲ. ಚಕ್ರದ ಸೂಟ್‌ಕೇಸಿನ ಹಿಡಿಕೆಗೆ ಸೀಟಿನ ಬೆನ್ನು ತಾಗಿಸಿ ಲಗೇಜ್ ಪಟ್ಟಿಯಿಂದ ಬಿಗಿದರೆ ಎಳೆದುಕೊಂಡೇ ಹೋಗಬಹುದು. ಹೊರಡುವ ವಾರಕ್ಕೆ ಮೊದಲು ನಿಮ್ಮ ಕಾರಲ್ಲಿ ಅದನ್ನು ಐದಾರು ಸಲ ಕಟ್ಟಿ ಬಿಚ್ಚಿ. ಸೂಚನಾ ಪುಸ್ತಿಕೆಯಲ್ಲಿ ಬೆಲ್ಟು ದಾರಿಯ ಚಿತ್ರವಿರುವ ಪುಟದ ಫೋಟೊ ತೆಗೆದಿಡಿ, ಸೀಟಿನ ಅಡಿಯಲ್ಲಿ ಅಚ್ಚೊತ್ತಿರುವ ಅವಧಿ ಮುಗಿಯುವ ತಾರೀಕನ್ನೂ ನೋಡಿ.