ಪದಚರ್ಚೆ: ‘ವರ್ಟಿಗೋ’ಗೆ ಬರೀ ತಲೆಸುತ್ತು ಸಾಕಾ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಮೆನಿಯೇರ್ ಎಂಬ ಒಳಕಿವಿ ಕಾಯಿಲೆಯವರಿಗೆ ಮಾಡುವ ಪರೀಕ್ಷೆಗಳ ಕರಪತ್ರ ಅನುವಾದ ಮಾಡುತ್ತಿದ್ದೇನೆ. ಸಂಜೆ ಅಚ್ಚಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದು, ವರ್ಟಿಗೋ. ಹಸಿದರೂ ತಲೆಸುತ್ತು, ಬಿಪಿ ಇಳಿದರೂ ತಲೆಸುತ್ತು. ಇಲ್ಲಿ ಹೇಳಬೇಕಾದದ್ದು ಕೂತಲ್ಲೇ ಮನೆಯೆಲ್ಲಾ ಗಿರ್ರನೆ ತಿರುಗುವುದು, ಅದೂ 20 ನಿಮಿಷದಿಂದ 12 ಗಂಟೆವರೆಗೆ. ಇನ್ನೊಂದು, ಕ್ಯಾಲೋರಿಕ್ ಟೆಸ್ಟ್. ಕಿವಿಗೆ 30 ಡಿಗ್ರಿ ನೀರು, ಆಮೇಲೆ 44 ಡಿಗ್ರಿ ನೀರು ಬಿಟ್ಟು ಕಣ್ಣುಗುಡ್ಡೆ ಹೇಗೆ ಅಲುಗುತ್ತದೆ ಎಂದು ನೋಡುತ್ತಾರೆ. ‘ಉಷ್ಣ ಪರೀಕ್ಷೆ’ ಎಂದು ಹಾಕಿದ್ದೆ. ಅಮ್ಮ ಓದಿ, “ಉಷ್ಣಕ್ಕೆ ಮಜ್ಜಿಗೆ ಕುಡಿದರೆ ಆಯ್ತಲ್ಲ” ಎಂದರು.

ಧಾರವಾಡದಿಂದ:
‘ಬವಳಿ’ ಇದೆಯಲ್ಲ! ಅಚ್ಚಗನ್ನಡ. ಶಿರೋಭ್ರಮಣೆ ಎಂದು ಮಾತ್ರ ಬರೆಯಬೇಡಿ, ರೋಗಿ ತನಗೆ ಭ್ರಮೆ ಅಂದುಕೊಂಡಾನು. ಟೆಸ್ಟ್‌ಗೆ ‘ಬಿಸುಪಿನ ಒರೆತ’, ಕಾಯಿಲೆಗೆ ‘ಕಿವಿನೀರುಬ್ಬು’.

ಮೈಸೂರಿನಿಂದ:
ಬವಳಿ ಅಚ್ಚಗನ್ನಡವೇ? ನಿಘಂಟು ನೋಡಿ: ಸಂಸ್ಕೃತದ ಭ್ರಮರಿ, ಬವರಿಯಾಗಿ ಬವಳಿ ಆದದ್ದು. ಭ್ರಮಣೆ ಬೇಡ ಎಂದವರು ಅದರ ತಂಗಿಯನ್ನೇ ಮನೆ ತುಂಬಿಸಿಕೊಂಡಿದ್ದೀರಿ. ಮೇಲಾಗಿ ಬವಳಿ ಬಂದವನು ಎಚ್ಚರ ತಪ್ಪಿ ಬೀಳುತ್ತಾನೆ. ಇಲ್ಲಿ ಎಚ್ಚರ ಇದ್ದೇ ಲೋಕ ತಿರುಗುವುದು.
ಮೆನಿಯೇರ್ ಒಬ್ಬ ಮನುಷ್ಯನ ಹೆಸರು, ಸ್ವಾಮಿ. ಇಂಥ ತಲೆಸುತ್ತು ಒಳಕಿವಿಯಿಂದಲೂ ಬರುತ್ತದೆ ಎಂದು 1861ರಲ್ಲಿ ಪ್ಯಾರಿಸ್‌ನಲ್ಲಿ ಹೇಳಿದವರು. ಅದನ್ನೂ ಕನ್ನಡ ಮಾಡಬೇಕಾ? ಬಸ್ಸು, ಟಿಕೆಟ್ಟು ದಕ್ಕಿದ ನಾಲಿಗೆಗೆ ‘ಟೆಸ್ಟು’ ದಕ್ಕುವುದಿಲ್ಲವೇ?

ಧಾರವಾಡದಿಂದ:
ನಿಘಂಟಿನಲ್ಲಿ ಇದ್ದದ್ದೆಲ್ಲ ವೇದವಾಕ್ಯ ಅಲ್ಲ. ‘ಟೆಸ್ಟು’ ಎನ್ನುವವರ ಜೊತೆ ನನಗೆ ಚರ್ಚೆ ಬೇಡ.

ಶಿವಮೊಗ್ಗದಿಂದ:
ಇಬ್ಬರೂ ಸ್ವಲ್ಪ ಸುಮ್ನಿರಿ. ನನಗೆ ಈ ಕಾಯಿಲೆ ಇದೆ, ಆ ಟೆಸ್ಟೂ ಆಗಿದೆ. ನೀರು ಬಿಟ್ಟ ಸ್ವಲ್ಪ ಹೊತ್ತಿಗೇ ಮಂಚ ತಿರುಗಲು ಶುರುವಾಯಿತು. ಬೇಕೆಂದೇ ತಲೆಸುತ್ತು ಬರಿಸುತ್ತಾರೆ, ಮೊದಲು ಅದನ್ನು ಬರೆಯಿರಿ. ಕಿವಿ ತೊಳೆಯಲು ತಣ್ಣೀರು ಬಿಟ್ಟಾಗ ರೋಗಿಗಳಿಗೆ ತಲೆ ತಿರುಗಿದ್ದನ್ನು ನೋಡಿಯೇ ಬಾರಾನಿ ಎಂಬ ಕಿವಿ ವೈದ್ಯರು ಇದರ ಬೆನ್ನು ಹತ್ತಿದ್ದು. 1914ರ ನೊಬೆಲ್ ಅವರದು. ಅಂದಮೇಲೆ ಹೆಸರಲ್ಲಿ ನೀರು ಇರಲಿ: ‘ಬಿಸಿನೀರು-ತಣ್ಣೀರು ಪರೀಕ್ಷೆ’.
ಎಲ್ಲಕ್ಕೂ ‘ಒಳಕಿವಿ ಪರೀಕ್ಷೆ’ ಎಂದು ಒಂದೇ ಹೆಸರಿಟ್ಟು ಮುಗಿಸಬೇಡಿ. ನೀರಿನ ಪರೀಕ್ಷೆಯಲ್ಲಿ ನನ್ನ ಎಡಗಿವಿ ಮಂದ. ತಲೆಯನ್ನು ಸರಕ್ಕನೆ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಅದೇ ಕಿವಿ ಸರಿ ಇತ್ತು. ಹೀಗೆ ನೀರಿನ ಪರೀಕ್ಷೆ ಮಂದ, ತಲೆ ತಿರುಗಿಸುವ ಪರೀಕ್ಷೆ ಸರಿ ಬಂದರೆ ಮೆನಿಯೇರ್ ಇರಬಹುದು ಎನ್ನುವುದಕ್ಕೆ ಅದೊಂದು ಸುಳಿವಂತೆ. ಹೆಸರು ಬೇರೆ ಇಲ್ಲದಿದ್ದರೆ ಇದನ್ನು ಹೇಳುವುದು ಹೇಗೆ?
ವರ್ಟಿಗೋಗೆ ನಮ್ಮ ಮನೆಯಲ್ಲಿ ‘ಗಿರಕಿ’ ಅಂತೀವಿ.

ಕೇಳಿದವಳಿಂದ:
ತುಂಬಾ ಥ್ಯಾಂಕ್ಸ್. ‘ಗಿರಕಿ ತಲೆಸುತ್ತು’ ಎಂದು ಹಾಕಿ ಕಳಿಸಿದೆ. ಪರೀಕ್ಷೆಗಳ ಹೆಸರು ಶಿವಮೊಗ್ಗದವರು ಹೇಳಿದ ಹಾಗೇ. ಕರಡಿನಲ್ಲಿ ಅದು ‘ಗಿರಾಕಿ ತಲೆಸುತ್ತು’ ಆಗಿ ಬಂದಿತ್ತು, ತಿದ್ದಿಸಿದೆ.