ಭಾನುವಾರದ ಪ್ರಶ್ನೋತ್ತರ: ಮೊಬೈಲ್ ರಿಪೇರಿಯವರನ್ನು ಕೇಳಿ

ಗುಂಪಿನ ನಿರ್ವಾಹಕರು: ಶಿವಮೊಗ್ಗದಲ್ಲಿ ಹದಿನೈದು ವರ್ಷಗಳಿಂದ ಮೊಬೈಲ್ ಅಂಗಡಿ ನಡೆಸುತ್ತಿರುವ, ನಮ್ಮ ಬಡಾವಣೆಯವರೇ ಆದ ರಿಪೇರಿಯವರು ಸಂಜೆ 5ರಿಂದ ಉತ್ತರಿಸುತ್ತಾರೆ. ಹೆಸರು ಬೇಡ, ಮನೆ ಸಂಖ್ಯೆ ಹಾಕಿ.

ಮನೆ 14: ನಮಸ್ಕಾರ ಸರ್. ಸ್ಟೋರೇಜ್ ತುಂಬಿದೆ ಎಂದು ಫೋನ್ ದಿನವೂ ಗೋಳು ಹೊಯ್ದುಕೊಳ್ಳುತ್ತಿದೆ.

ರಿಪೇರಿಯವರು: ನಮಸ್ಕಾರ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ವಿಭಾಗ ತೆರೆಯಿರಿ. 5 ಎಂಬಿ ಮೀರಿದ ಫೈಲುಗಳೆಲ್ಲ ಒಂದೇ ಕಡೆ ಸಿಗುತ್ತವೆ. ಬೇಡದ್ದನ್ನು ಅಳಿಸಿ, ಫೋಟೊಗಳು ತಾವಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ.

ಮನೆ 31: ನಮ್ಮ ಟಿ.ವಿ.ಯಲ್ಲಿ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ.

ಮನೆ 9: ನಿನ್ನೆ ಮಳೆಯಲ್ಲಿ ಮಗನ ಫೋನ್ ಚರಂಡಿಗೆ ಬಿತ್ತು. ಅಕ್ಕಿ ಡಬ್ಬಿಯಲ್ಲಿಟ್ಟಿದ್ದೇವೆ. ಎಷ್ಟು ದಿನ ಇಡಬೇಕು?

ರಿಪೇರಿಯವರು: ಈಗಲೇ ತೆಗೆಯಿರಿ. ಫೋನಿನ ಒಳಗಿನ ನೀರನ್ನು ಅಕ್ಕಿ ಹೀರುವುದಿಲ್ಲ. ಅದರ ಹಿಟ್ಟು ಚಾರ್ಜಿಂಗ್ ಕಿಂಡಿಯಲ್ಲಿ ಗಂಜಿಯಾಗುತ್ತದೆ. ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ. ನೀರಿಗಿಂತ ಹೆಚ್ಚು ಬೋರ್ಡುಗಳನ್ನು ಸುಡುವುದು, ಒದ್ದೆಯಿರುವಾಗಲೇ ಹರಿಸಿದ ವಿದ್ಯುತ್ತು. ನಾಳೆ ಬೆಳಿಗ್ಗೆಯೇ ತನ್ನಿ, ಬಿಚ್ಚಿ ಆಲ್ಕೋಹಾಲ್‌ನಲ್ಲಿ ತೊಳೆಯಬೇಕು.

ಮನೆ 3: ನಮ್ಮ ಭಾವನ ಫೋನ್ ಅಕ್ಕಿಯಲ್ಲೇ ಸರಿಯಾಯಿತು. ಅನುಭವದ ಮಾತು.

ಮನೆ 17: ಯಾವ ಅಕ್ಕಿ? ಕುಚ್ಚಲಕ್ಕಿಯಾದರೆ ತೇವ ಬೇಗ ಎಳೆಯುತ್ತದೆ.

ರಿಪೇರಿಯವರು: ಅಕ್ಕಿಯಲ್ಲಿಡಬೇಡಿ, ಕಣಗಳು ಒಳಹೊಕ್ಕು ಹಾನಿಯಾದೀತು ಎಂದು ಆಪಲ್ ಕಂಪನಿಯೇ ಬರೆದಿದೆ. ಕಳೆದ ವಾರ ಒಂದು ಕಿಂಡಿಯಿಂದ ಇಡೀ ಅಕ್ಕಿಕಾಳನ್ನು ಚಿಮುಟದಲ್ಲಿ ಎಳೆದಿದ್ದೇನೆ.

ಮನೆ 22: ಅಜ್ಜಿಯ ಫೋನಿನ ಹಿಂಬದಿ ಹಪ್ಪಳದಂತೆ ಉಬ್ಬಿದೆ. ಸದ್ಯಕ್ಕೆ ರಬ್ಬರ್ ಬ್ಯಾಂಡ್ ಬಿಗಿದಿದ್ದೇವೆ. ಚಾರ್ಜ್ ನಿಲ್ಲುತ್ತಿಲ್ಲ, ಹಾಗಾಗಿ ರಾತ್ರಿಯಿಡೀ ದಿಂಬಿನ ಪಕ್ಕ ಚಾರ್ಜಿಗೆ ಹಾಕಿರುತ್ತಾರೆ. ಬೇರೆ ಚಾರ್ಜರ್ ಕೊಳ್ಳಬೇಕೇ?

ರಿಪೇರಿಯವರು: ಮನೆ 22, ಇದನ್ನು ಪೂರ್ತಿ ಓದಿ. ತಪ್ಪು ಚಾರ್ಜರ್‌ನದಲ್ಲ, ಉಬ್ಬಿರುವುದು ಬ್ಯಾಟರಿ. ಅದರೊಳಗೆ ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಚಾಪೆಯಂತೆ ಸುತ್ತಿರುತ್ತಾರೆ. ಎರಡನ್ನೂ ಬೇರೆ ಇಡುವುದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ. ಹಳೆಯ ಬ್ಯಾಟರಿಯನ್ನು ಸದಾ ನೂರಕ್ಕೆ ನೂರು ತುಂಬಿಸಿಟ್ಟರೆ, ಅದರ ಮೇಲೆ ದಿಂಬಿನ ಕಾವೂ ಸೇರಿದರೆ, ಒಳಗಿನ ದ್ರಾವಣ ಕೆಟ್ಟು ಅನಿಲವಾಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲ, ಹಾಗಾಗಿ ಉಬ್ಬುತ್ತದೆ. ನೀವು ಬಿಗಿದ ರಬ್ಬರ್ ಬ್ಯಾಂಡ್ ಆ ಪೊರೆಯನ್ನೇ ಒತ್ತುತ್ತಿದೆ. ಪೊರೆ ಹರಿದರೆ ಶಾರ್ಟ್ ಆಗಿ ಕ್ಷಣದಲ್ಲಿ ಬೆಂಕಿ ಹತ್ತುತ್ತದೆ.

ಈಗ ಮಾಡಬೇಕಾದದ್ದು: ಗೋಡೆಯ ಸ್ವಿಚ್ ಆರಿಸಿ, ವಯರ್ ಕೀಳಿ. ಫೋನ್ ತಣ್ಣಗಿದ್ದರೆ ರಬ್ಬರ್ ಬ್ಯಾಂಡನ್ನು ಕತ್ತರಿಸದೆ ಮೆಲ್ಲಗೆ ಜಾರಿಸಿ, ಫೋನನ್ನು ಆರಿಸಿ, ಮಣ್ಣಿನ ಕುಂಡದಲ್ಲಿ ಒಣ ಮರಳಿನ ಮೇಲಿಟ್ಟು ಮಳೆ ಬೀಳದ ಹೊರಜಗಲಿಯಲ್ಲಿಡಿ. ಬಿಸಿಯಿದ್ದರೆ, ಸಿಹಿ ವಾಸನೆ ಬಂದರೆ ಅಥವಾ ಬುಸುಗುಟ್ಟಿದರೆ ಮುಟ್ಟಲೇಬೇಡಿ. ಎಲ್ಲರೂ ಹೊರಗೆ ಹೋಗಿ 112ಕ್ಕೆ ಕರೆ ಮಾಡಿ. ಆ ಹೊಗೆ ವಿಷ.

ಮನೆ 3: ಇದಕ್ಕೊಂದು ವಿಡಿಯೊ ಬಂದಿದೆ. ಸೂಜಿಯಿಂದ ಸಣ್ಣ ತೂತು ಮಾಡಿದರೆ ಗಾಳಿ ಹೋಗುತ್ತದೆ, ಆಮೇಲೆ ಫ್ರಿಜ್ಜಿನಲ್ಲಿಡಬೇಕು. ಫಾರ್ವರ್ಡ್ ಮಾಡಿದ್ದೇನೆ.

ರಿಪೇರಿಯವರು: ಅಳಿಸಿ. ಪೂರಿಯ ಗಾಳಿಯಲ್ಲ ಅದು. ಸೂಜಿ ಚುಚ್ಚಿದರೆ ಬೆಂಕಿ ನಿಮ್ಮ ಕೈಯಲ್ಲೇ ಇರುತ್ತದೆ.

ಮನೆ 3: ಲಕ್ಷಾಂತರ ಜನ ನೋಡಿದ ವಿಡಿಯೊ. ನಿಮಗೆ ಹೊಸ ಬ್ಯಾಟರಿ ಮಾರಬೇಕಲ್ಲ.

ಮನೆ 17: ಅವರು ಬಿಡುವು ಮಾಡಿಕೊಂಡು ಹೇಳುತ್ತಿದ್ದಾರೆ. ನೀವು ನಿಮ್ಮ ಭಾವನ ಅಕ್ಕಿಯನ್ನು ನೋಡಿಕೊಳ್ಳಿ.

ಮನೆ 3: ಕುಚ್ಚಲಕ್ಕಿ ಪಂಡಿತರು ಮಾತನಾಡಿದರು.

ಮನೆ 5: ಸ್ಟೋರೇಜ್ ತುಂಬಿದರೆ ಏನು ಮಾಡಬೇಕು?

ರಿಪೇರಿಯವರು: ಮೇಲೆ ಓದಿ. ಮನೆ 22, ಫೋನ್ ಎಲ್ಲಿದೆ?

ಮನೆ 11: ಪರಿಚಯದವರ ನಂಬರಿನಿಂದ ಮದುವೆ ಕರೆಯೋಲೆ ಬಂದಿದೆ. ಫೈಲಿನ ಕೊನೆಗೆ ಎಪಿಕೆ ಎಂದಿದೆ, ತೆರೆಯುತ್ತಿಲ್ಲ.

ರಿಪೇರಿಯವರು: ತೆರೆಯಬಾರದು. ಎಪಿಕೆ ಎಂದರೆ ಆ್ಯಪ್. ಕರೆಯೋಲೆಯನ್ನು ಯಾರೂ ಇನ್‌ಸ್ಟಾಲ್ ಮಾಡುವುದಿಲ್ಲ. ಒಟಿಪಿ ಕದಿಯಲು ಕಳಿಸಿದ್ದು. ಆಗಲೇ ಇನ್‌ಸ್ಟಾಲ್ ಆಗಿದ್ದರೆ ಇಂಟರ್ನೆಟ್ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆ 31: ಟಿ.ವಿ. ವಿಷಯ ಕೇಳಿದ್ದೆ.

ಮನೆ 9: ಫೋನ್ ಅಕ್ಕಿಯಿಂದ ತೆಗೆದೆವು. ಆನ್ ಆಗುತ್ತದೆಯೇ ಎಂದು ಒಮ್ಮೆ ನೋಡಿದೆವು. ಆಗಲಿಲ್ಲ.

ರಿಪೇರಿಯವರು: ಏನು ಬರೆದಿದ್ದೆ ನಾನು?

ನಿರ್ವಾಹಕರು: ದಯವಿಟ್ಟು ಎಲ್ಲರೂ ಸೌಜನ್ಯದಿಂದ ಇರಿ. ಮನೆ 3, ಆ ವಿಡಿಯೊ ತೆಗೆದಿದ್ದೇನೆ.

ಮನೆ 3: ಹಾಗಾದರೆ ಗುಂಪಿನಲ್ಲಿ ಬಾಯಿಯೇ ತೆರೆಯುವಂತಿಲ್ಲ.

ರಿಪೇರಿಯವರು: ಮನೆ 22. ಮೂರನೇ ಸಲ ಕೇಳುವಂತೆ ಮಾಡಬೇಡಿ.

ಮನೆ 22: ಕ್ಷಮಿಸಿ, ಅಜ್ಜಿ ಬಿಟ್ಟುಕೊಡಲಿಲ್ಲ. ಈಗ ಜಗಲಿಯಲ್ಲಿ ತುಳಸಿಯ ಹಳೆಯ ಕುಂಡದಲ್ಲಿದೆ, ತಣ್ಣಗಿದೆ. ಏಳೂವರೆಗೆ ದುಬೈಯಿಂದ ಅತ್ತೆಯ ಕರೆ ಬರುತ್ತದೆ. ಸಿಮ್ ತೆಗೆಯಲು ಪಿನ್ ಸಿಗಲಿಲ್ಲ, ಮೊಳೆಯಿಂದ ಒತ್ತಬಹುದೇ?

ರಿಪೇರಿಯವರು: ಬೇಡ! ಮೊಳೆ ಕೆಳಗಿಡಿ. ಅತ್ತೆಗೆ ನಿಮ್ಮ ನಂಬರಿಗೆ ಕರೆ ಮಾಡಲು ಹೇಳಿ. ನಾನೇ ಬರುತ್ತಿದ್ದೇನೆ.

ಮನೆ 31: ಹೇಗೂ ಬರುತ್ತೀರಲ್ಲ, ನಮ್ಮದು ಅವರ ಎದುರು ಮನೆ.